ಅರ್ಧ ಟಿಕೆಟ್ಟಿನ ಡಾಕ್ಟರು

ನಮ್ಮ ಸಿದ್ದಾಪುರ ಪೇಟೆಯ ಡಾಕ್ಟರು ದವಾಖಾನೆ ಮುಚ್ಚಿ ಧಾರವಾಡದ ತಮ್ಮನ ಮನೆಗೆ ಹೊರಟಿದ್ದಾರೆ. ಅವರಿಗೊಂದು ಶಾಲು ಹೊದಿಸಿ, ಸಣ್ಣ ಪುಸ್ತಕ ಅಚ್ಚು ಹಾಕಿಸಿ ಕೈಗೆ ಕೊಡುವುದೆಂದು ಪೇಟೆಯವರು ನಿಶ್ಚಯ ಮಾಡಿದ್ದಾರೆ. ಹಳಬರೆಲ್ಲ ನಾಲ್ಕು ಮಾತು ಬರೆದುಕೊಡಬೇಕಂತೆ. ನನಗೂ ಹೇಳಿದರು. ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟು ಮೆಣಸಿನಕಾಯಿ, ಬೆಲ್ಲದ ಅಂಗಡಿಯಲ್ಲಿ ಕುಳಿತವನು. ಬೇರೆ ಸಮಯವಾಗಿದ್ದರೆ ಒಲ್ಲೆ ಎಂದು ಬಿಡುತ್ತಿದ್ದೆ. ಆದರೆ ಈಗ ನನ್ನ ಸಂತೋಷ ಎಲ್ಲಿಟ್ಟರೂ ನಿಲ್ಲುತ್ತಿಲ್ಲ.

ಕಳೆದ ವಾರ ಮೊಮ್ಮಗ ಮಲ್ಲೇಶಿಯನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ಹೆಣ್ಣು ಡಾಕ್ಟರು, ಎಲ್ಲರೂ ಬಾಯಾರು ಎಂದು ಕರೆಯುವವರು, ಅವನ ಹೊಟ್ಟೆ ಒತ್ತಿ ನೋಡಿದರು. ಬಿಳಿಯ ಹಿಟ್ಟಿನ ನೀರು ಕುಡಿಸಿ ಎದೆಯ ಫೋಟೋ ತೆಗೆಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಇವನಿಗೆ ಆಪರೇಶನ್ ಬೇಡ, ರಕ್ತ ತನ್ನ ದಾರಿ ತಾನೇ ಮಾಡಿಕೊಂಡಿದೆ, ವರ್ಷಕ್ಕೊಮ್ಮೆ ತೋರಿಸಿ ಸಾಕು, ಆಡುವುದಕ್ಕೆ ಬಿಡಿ ಎಂದರು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಗುರುತಿಲ್ಲದವರಿಗೆಲ್ಲ ಅದನ್ನು ಹೇಳಿದೆ. ಯಲ್ಲಾಪುರದಲ್ಲಿ ಬಸ್ಸು ನಿಂತಾಗ ಬಾಳೆಹಣ್ಣಿನವಳಿಗೂ ಹೇಳಿದೆ. ಮೊಮ್ಮಗನಿಗೆ ಮೀಸೆ ಚಿಗುರುವ ವಯಸ್ಸು, ನಾಚಿ ಕಿಟಕಿಯ ಕಡೆ ಮುಖ ಮಾಡಿಕೊಂಡ. ಹೇಳದೆ ಇರುವುದು ಹೇಗೆ? ಇವನು ಉಳಿಯುವುದಿಲ್ಲವೆಂದು ಅರ್ಧ ತಾಲೂಕು ತೀರ್ಮಾನಿಸಿತ್ತು.

ಇಂಥ ಖುಷಿಯಲ್ಲಿ ಇರುವವನ ಕೈಗೆ ಪೆನ್ನು ಕೊಟ್ಟರೆ ಅವನು ಸುಳ್ಳು ಬರೆಯಲಾರ. ಡಾಕ್ಟರ ಹೆಸರನ್ನು ಮಾತ್ರ ನಾನು ಬರೆಯುವುದಿಲ್ಲ, ಬರೆದರೆ ನಾನೂ ಶಾಲು ಹೊದಿಸಿದಂತಾಗುತ್ತದೆ. ಅಚ್ಚು ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ.

ಬಿಳಿ ಪ್ಯಾಂಟು, ಕರಿಯ ಕೋಟು, ತಲೆಗೆ ಹಿಂದಿನ ಸಾಹೇಬರು ಬಿಟ್ಟು ಹೋದಂಥ ಟೊಪ್ಪಿಗೆ. ಕೊರಳಲ್ಲಿ ನಳಿಗೆ. ಆ ನಳಿಗೆಯನ್ನು ಅಂಗಿಯ ಮೇಲಿಂದಲೇ ಎದೆಗೆ ಒತ್ತುತ್ತಿದ್ದರು. ಎಷ್ಟೋ ಸಲ ಕಿವಿಗೆ ಸಿಕ್ಕಿಸಿಕೊಳ್ಳುವುದನ್ನೇ ಮರೆತು, ಹೂಂ, ಕೇಳಿತು ಎನ್ನುತ್ತಿದ್ದರು. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಜ್ವರ ಬರುತ್ತದೆಯೇ, ಬರುತ್ತದೆ. ಊಟ ಸೇರುವುದಿಲ್ಲವೇ, ಹೇಗೆ ಸೇರೀತು. ಕಿವಿನೋವೆಂದು ಹೋದ ಕೋಲಸಿರ್ಸಿಯ ಮುದುಕಿಯೊಬ್ಬಳು ಬಾಯಿ ತೆರೆಯುವುದಕ್ಕೆ ಅವಕಾಶ ಸಿಗದೆ ಹೊಟ್ಟೆಯ ಔಷಧಿ ಹಿಡಿದುಕೊಂಡು ಬಂದು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನಕ್ಕಿದ್ದಳು. ಹೋಗಲಿ ಶೆಟ್ರೇ, ಹೊಟ್ಟೆಯಾದರೂ ಸ್ವಚ್ಛವಾಗಲಿ ಎಂದಳು.

ಪರದೆಯ ಹಿಂದೆ ಅವರದೊಂದು ದೊಡ್ಡ ಜಾಡಿ. ಅದರಲ್ಲಿಯ ಗುಲಾಬಿ ನೀರನ್ನು ಬಾಟ್ಲಿಗೆ ತುಂಬಿ, ಬಾಟ್ಲಿಯ ಮೈಗೆ ಗರಗಸದ ಹಲ್ಲಿನಂತೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುವರು. ದೊಡ್ಡವರಿಗೆ ಒಂದು ಹೊತ್ತಿಗೆ ಒಂದು ಹಲ್ಲು, ಮಕ್ಕಳಿಗೆ ಅರ್ಧ ಹಲ್ಲು. ಮಾತ್ರೆಯಾದರೆ ಉಗುರಿನಿಂದ ಎರಡು ಹೋಳು. ಯಾರಾದರೂ ಕೇಳಿದರೆ, ಬಸ್ಸಿನ ಕಂಡಕ್ಟರನಿಗೆ ಇರುವ ಬುದ್ಧಿ ವೈದ್ಯನಿಗೆ ಇರಬೇಡವೇ, ದೊಡ್ಡವರಿಗೆ ಪೂರ್ತಿ, ಸಣ್ಣವರಿಗೆ ಅರ್ಧ, ಶರೀರ ಎಲ್ಲ ಒಂದೇ ಎನ್ನುವರು. ಈ ಮಾತನ್ನು ಅವರು ಮಂತ್ರದ ಹಾಗೆ ಹೇಳುತ್ತಿದ್ದರು. ಪೇಟೆಯವರು ಅವರ ಬೆನ್ನ ಹಿಂದೆ ಅರ್ಧ ಟಿಕೆಟ್ಟು ಎಂದೇ ಕರೆಯುತ್ತಿದ್ದರು. ಹಾಗೆ ಕರೆದವರೇ ಈಗ ಧನ್ವಂತರಿ ಎಂದು ಬರೆದುಕೊಟ್ಟಿದ್ದಾರೆಂದು ಕೇಳಿದೆ.

ನನ್ನ ಮಗಳು ಶಾಂತವ್ವನನ್ನು ಬನವಾಸಿ ಕಡೆಯ ಒಂದು ಒಳ್ಳೆಯ ಮನೆತನಕ್ಕೆ ಕೊಟ್ಟಿದ್ದೆ. ಮೊದಲ ಬಾಣಂತನ ನಮ್ಮಲ್ಲೇ ಆಯಿತು, ಗಂಡು ಕೂಸು. ನಮ್ಮ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅವಳು ಪಂಚಮಿಗೆಂದು ಮಗನನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಮಲ್ಲೇಶಿ ಆಗ ಅಂಗಡಿಯ ತುಂಬ ಓಡಾಡುವ ಪೋರ. ಅವನ ಎಡಗಡೆಯ ಪಕ್ಕೆಲುಬಿನ ಕೆಳಗೆ ಕೈಗೆ ಗಟ್ಟಿ ಸಿಗುವ ಗಡ್ಡೆ ಇತ್ತು. ಜ್ವರಕ್ಕೆ ಗುಲ್ಮ ಊದುವುದು, ನಮ್ಮ ಕಡೆ ಅದಕ್ಕೆ ಜ್ವರಗಡ್ಡೆ ಎನ್ನುವುದು. ಮಲೇರಿಯಾದ ಕಾಲ, ಯಾರ ಮನೆಯ ಮಕ್ಕಳ ಹೊಟ್ಟೆ ಮುಟ್ಟಿದರೂ ಸಿಗುತ್ತಿತ್ತು. ನಾವೂ ಹಾಗೇ ತಿಳಿದೆವು. ಅಷ್ಟರಲ್ಲಿ ಅವನಿಗೆ ನೆಗಡಿ, ಮೈ ಬಿಸಿ. ಡಾಕ್ಟರು ದೊಡ್ಡವರಿಗೆ ಮೈಕೈ ನೋವಿಗೆ ಕೊಡುವ ಬಿಳಿ ಮಾತ್ರೆಯನ್ನು ಮುರಿದು ಹೊತ್ತುಹೊತ್ತಿಗೆ ಅರ್ಧ ಕೊಟ್ಟರು. ಮರುದಿನ ಹುಡುಗ ಬೆಲ್ಲದ ಪೆಂಟೆಯ ಪಕ್ಕ ನಿಂತವನು ಹಾಗೇ ಬಗ್ಗಿ ರಕ್ತ ಕಾರಿದ. ಹುಡುಗನ ಮೈಯಲ್ಲಿ ಅಷ್ಟು ರಕ್ತ ಇದ್ದೀತೆಂದು ನನಗೆ ಗೊತ್ತಿರಲಿಲ್ಲ.

ಡಾಕ್ಟರು ಬಂದರು. ಬಂದವರು ಹುಡುಗನ ಬಾಯಿಯ ಹತ್ತಿರ ಮೂಗು ತಂದು ವಾಸನೆ ನೋಡಿದರು. ಆಮೇಲೆ ನನ್ನ ಬಾಯಿಯ ಹತ್ತಿರವೂ ಮೂಗು ತಂದರು.

"ನಿಮ್ಮಲ್ಲಿ ಭಟ್ಟಿ ಇಳಿಸುವವರು ಯಾರು?" ಎಂದು ಕೇಳಿದರು.

ರಾಜ್ಯ ಬದಲಾಗಿದ್ದರೂ ಮುಂಬಯಿಯವರ ಪಾನಬಂದಿ ಕಾಯ್ದೆ ನಮ್ಮಲ್ಲಿ ಇನ್ನೂ ಜಾರಿಯಲ್ಲಿತ್ತು. ಕದ್ದು ಸೆರೆ ಕುಡಿಯುವವರು ಇದ್ದರು. ಅಂಥವನೊಬ್ಬ ಲಾರಿ ಡ್ರೈವರು, ಅವನಿಗೂ ಎಡಗಡೆ ಗಡ್ಡೆ, ಅವನೂ ರಕ್ತ ಕಾರಿ ಇದೇ ಡಾಕ್ಟರ ಹತ್ತಿರ ಬಿದ್ದಿದ್ದ. ಇವರ ಜನ್ಮದಲ್ಲಿ ಇವರು ಕಂಡ ಅಂಥ ರೋಗಿ ಅವನೊಬ್ಬನೇ. ಅಲ್ಲಿಗೆ ಲೆಕ್ಕ ಮುಗಿಯಿತು. ಗಡ್ಡೆ ಇದೆ, ರಕ್ತ ಬಂತು, ಆದ್ದರಿಂದ ಸೆರೆ. ನಾಲ್ಕು ವರ್ಷದ ಕೂಸು ಸೆರೆ ಎಲ್ಲಿ ಕುಡಿದೀತು ಎಂಬುದು ಅವರ ತಲೆಗೆ ಹೊಳೆಯಲಿಲ್ಲ. ದೊಡ್ಡವರು ಪೂರ್ತಿ ಕುಡಿದರೆ ಸಣ್ಣವರು ಅರ್ಧ ಕುಡಿದಾರು, ಅಷ್ಟೇ. ನಾನು ಕೊರಳ ಲಿಂಗ ಮುಟ್ಟಿ, ನಮ್ಮ ಮನೆತನದಲ್ಲಿ ಅದರ ವಾಸನೆಯೂ ಇಲ್ಲ ಎಂದೆ. ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಶೆಟ್ಟರೇ, ಲಿಂಗ ಹೊರಗಿರುತ್ತದೆ, ಲಿವರು ಒಳಗಿರುತ್ತದೆ" ಎಂದು ಹೊರಟುಹೋದರು.

ಹೊರಟವರು ಸುಮ್ಮನೆ ಹೋದರೇ? ದವಾಖಾನೆಯಲ್ಲಿ ಕುಳಿತು ನಾಲಿಗೆ ನೋಡಿಸಿಕೊಳ್ಳಲು ಬಂದವರಿಗೆಲ್ಲ ನಮ್ಮ ಮನೆಯ ಕತೆ ಹೇಳಿದರು. ವಾರ ಕಳೆಯುವುದರೊಳಗೆ, ಅಡಿಕೆ ತೋಟದ ಬಾಗಿನಿಂದ ಪೇಟೆಗೆ ಬಂದ ಹೆಗಡೇರೊಬ್ಬರು ಮೆಣಸು ತೂಗಿಸಿಕೊಳ್ಳುತ್ತ, "ಎಂತದ ಶೆಟ್ರೇ, ನಿಮ್ಮಲ್ಲಿ ಮೆಣಸಿನ ಜೊತಿಗೆ ಮತ್ತೆಂತದೋ ಸಿಗ್ತಡ, ಹೌದಾ?" ಎಂದು ಕಣ್ಣು ಮಿಟುಕಿಸಿದರು. ಅವರಿಗೆ ಚೇಷ್ಟೆ. ಅದೇ ಮಾತು ಶಿರಸಿ ದಾಟಿ ಬನವಾಸಿಯ ಕಡೆ ಹೋದಾಗ ಚೇಷ್ಟೆಯಾಗಿ ಉಳಿಯಲಿಲ್ಲ. ನಮ್ಮ ಬೀಗರು, ಎಂದರೆ ಶಾಂತವ್ವನ ಮಾವ, ಶಿವಪೂಜೆ ಆಗದೆ ನೀರು ಮುಟ್ಟದವರು. ಗಾಡಿಯವನ ಕೈಯಲ್ಲಿ ಹೇಳಿಕಳಿಸಿದರು, ಮಗಳೂ ಮೊಮ್ಮಗನೂ ನಿಮ್ಮಲ್ಲೇ ಇರಲಿ ಎಂದು. ಅಳಿಯ ಒಳ್ಳೆಯವನೇ, ಆದರೆ ತಂದೆಯ ಎದುರು ಅವನಿಗೆ ಬಾಯಿ ಇಲ್ಲ. ಒಂದು ಮಾತ್ರೆಯ ಅರ್ಧದಿಂದ ಹುಡುಗನ ರಕ್ತ ಹೋಯಿತು, ಒಂದು ಮಾತಿನಿಂದ ಮಗಳ ಸಂಸಾರ ಹೋಯಿತು. ಇದನ್ನು ಮಾಡಿದವರು ಸಾಯಂಕಾಲ ಟೊಪ್ಪಿಗೆ ಇಟ್ಟುಕೊಂಡು ವಾಯುಸೇವನೆಗೆ ಹೋಗುತ್ತಿದ್ದರು.

ಹುಡುಗ ಆ ಸಲ ತಾನಾಗಿಯೇ ಚೇತರಿಸಿಕೊಂಡ. ಆದರೆ ಡಾಕ್ಟರು ಬಿಡಬೇಕಲ್ಲ. ಡ್ರೈವರನಿಗೆ ಉಪ್ಪು ಬಂದ್, ಬೇಳೆ ಬಂದ್, ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ ಎಂದು ವಿಧಿಸಿದ್ದರು. ಮಲ್ಲೇಶಿಗೂ ಅದೇ ಪಥ್ಯ, ಅರ್ಧ. ಅರ್ಧ ಉಪ್ಪು, ಅರ್ಧ ಊಟ, ಅರ್ಧ ದಿನ ಹಾಸಿಗೆ. ಡ್ರೈವರನ ಊದಿದ ಹೊಟ್ಟೆ ಇಳಿಯಿತು, ಕಾಲಿನ ಬಾವು ಇಳಿಯಿತು, ಎದ್ದು ಕಟ್ಟೆಯ ಮೇಲೆ ಬೀಡಿ ಸೇದುತ್ತ ಕುಳಿತ. ಡಾಕ್ಟರು ಅವನನ್ನು ತೋರಿಸಿ ತೋರಿಸಿ ಬೀಗಿದರು. ಮಲ್ಲೇಶಿಯ ತೋಳು ಮಾತ್ರ ಕಡ್ಡಿಯಾಯಿತು. ಅಂಗಡಿಗೆ ಬಂದವರ ಕೈಯಲ್ಲಿ ಏನಿದೆ ಎಂದು ನೋಡುವ ಹುಡುಗನಾಗಿಬಿಟ್ಟ. ಇದು ಸಾಲದೆಂದು, ಇಬ್ಬರ ಗಡ್ಡೆಯನ್ನೂ ಕೊಯ್ಯಿಸಿ ತೆಗೆಸಿಬಿಡೋಣ, ತಮಗೆ ಗುರುತಿನ ಒಬ್ಬ ಸರ್ಜನರಿದ್ದಾರೆ, ಒಂದೇ ಪ್ರಯಾಣದಲ್ಲಿ ಎರಡೂ ಕೆಲಸ ಎಂದರು. ದಿನ ಕೂಡ ಗೊತ್ತು ಮಾಡಿದರು.

ಮನೆಯಲ್ಲಿ ಹೇಳಿದೆ. ಶಾಂತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಬಾಳಿನಲ್ಲಿ ನನ್ನ ಎದುರು ಅಷ್ಟು ಮಾತಾಡಿದವಳಲ್ಲ.

"ಅಪ್ಪಾ, ಆ ಡ್ರೈವರಗ ಕುಡಿಯೂ ಚಟ. ನನ್ನ ಮಗಗ ಏನ ಚಟ ಐತಿ? ಇಬ್ಬರದೂ ಒಂದ ರೋಗ ಹ್ಯಾಂಗಾಗ್ತೈತಿ? ಕೊಯ್ಯೂದಾದ್ರ ಮೊದಲ ನನ್ನ ಕೊಯ್ಯಾಕ ಹೇಳ್ರಿ."

ಮರುದಿನ ಬೆಳಗಿನ ಬಸ್ಸಿಗೆ ಮೂವರೂ ಹುಬ್ಬಳ್ಳಿಗೆ ಹೋದೆವು.

ಅಲ್ಲಿ ಮಕ್ಕಳನ್ನು ನೋಡುವ ಡಾಕ್ಟರ್ ಬಾಯಾರು ಮೊದಲು ಕೇಳಿದ ಪ್ರಶ್ನೆ ನನಗೆ ವಿಚಿತ್ರ ಎನಿಸಿತು. ಹುಟ್ಟಿದಾಗ ಇವನ ಹೊಕ್ಕಳು ಹೇಗಿತ್ತು ಎಂದರು. ಶಾಂತವ್ವ ನೆನಪು ಮಾಡಿಕೊಂಡಳು. ಹೊಕ್ಕಳು ಕೀವಾಗಿ ಬಹಳ ದಿನ ಒಣಗಿರಲಿಲ್ಲ, ಸೂಲಗಿತ್ತಿ ಎಲ್ಲರಿಗೂ ಮಾಡುವಂತೆ ಒಲೆಯ ಬೂದಿ ಒತ್ತಿದ್ದಳು. ಬಾಯಾರು ತಲೆಯಾಡಿಸಿದರು. ಬೈಯಲಿಲ್ಲ. ಆ ಕೀವು ಒಳಗೆ ಇಳಿದು, ಹೊಟ್ಟೆಯಿಂದ ಲಿವರಿಗೆ ರಕ್ತ ಒಯ್ಯುವ ದೊಡ್ಡ ನಾಳವನ್ನು ಕಟ್ಟಿಬಿಟ್ಟಿದೆ, ಮುಂದೆ ಹೋಗಲಾರದ ರಕ್ತ ಹಿಂದೆ ಒತ್ತಿ ಗಡ್ಡೆ ಊದಿದೆ, ಅನ್ನನಾಳದ ಬುಡದ ಸಣ್ಣ ನಾಳಗಳು ಉಬ್ಬಿ ಒಡೆದಿವೆ ಎಂದರು. ನನ್ನ ಮುಖ ನೋಡಿ, ತಿಳಿಯಲಿಲ್ಲವೆಂದು ಅವರಿಗೇ ತಿಳಿಯಿತು. ಡ್ರೈವರನ ಕತೆಯನ್ನು ನಾವು ಆಗಲೇ ಹೇಳಿದ್ದೆವು.

"ಅಜ್ಜಾರ, ಆ ಡ್ರೈವರಂದು ಗದ್ದಿನ, ಅಂದ್ರ ಲಿವರ, ಕೆಟ್ಟೈತಿ. ಈ ಕೂಸಿಂದು ಗದ್ದಿ ಚಲೋ ಐತಿ, ಕಾಲಿವಿ ಅಷ್ಟ ಕಟ್ಟೈತಿ. ಇಬ್ಬರ ಹೊಲದಾಗೂ ನೀರು ಒಡ್ಡು ಒಡದೈತಿ ಖರೆ, ಆದ್ರ ಮಾಡೂ ಕೆಲಸ ಒಂದ ಅಲ್ಲ."

ಡ್ರೈವರನಿಗೆ ಕೊಟ್ಟ ಪಥ್ಯ ಅವನಿಗೆ ಸರಿ ಎಂದೂ ಅವರೇ ಹೇಳಿದರು. ಇವನಿಗೆ ಹೊಟ್ಟೆ ತುಂಬ ಹಾಕಬೇಕು, ಬೇಳೆ, ಹಾಲು, ತುಪ್ಪ, ಯಾವುದೂ ಕಡಿಮೆ ಆಗಬಾರದು. ಬೆಳೆಯುತ್ತ ಹೋದಂತೆ ರಕ್ತ ಪಕ್ಕದ ಸಣ್ಣ ಕಾಲುವೆಗಳನ್ನು ಅಗಲ ಮಾಡಿಕೊಳ್ಳುತ್ತದೆ. ಗಡ್ಡೆ ಕೊಯ್ಯಿಸಬೇಡಿ. ದೊಡ್ಡವರಿಗೆ ಮಾಡುವಂತೆ ನಾಳಕ್ಕೆ ನಾಳ ಜೋಡಿಸೋಣವೆಂದರೆ ಇವನವು ದಾರದಷ್ಟು ಸಣ್ಣ, ಜೋಡಿಸಿದರೂ ಮುಚ್ಚಿಹೋಗುತ್ತವೆ. ಬೇಕೇ ಬೇಕಾದರೆ ದೊಡ್ಡವನಾದ ಮೇಲೆ ನೋಡೋಣ. ಆ ಬಿಳಿ ಮಾತ್ರೆ ಅರ್ಧವಲ್ಲ, ಚೂರೂ ಮುಟ್ಟಿಸಬೇಡಿ. ಗಡ್ಡೆಗೆ ಪೆಟ್ಟು ಬೀಳಬಾರದು. ಮತ್ತೆ ರಕ್ತ ಬಂದರೆ ಬಾಯಿಗೆ ಏನೂ ಹಾಕದೆ ಇಲ್ಲಿಗೆ ತನ್ನಿ. ಹುಡುಗನ ತೂಕ ಏರುತ್ತದೆಯೋ ಇಲ್ಲವೋ ನೋಡುತ್ತಿರಿ.

ಅಂದೇ ಹುಬ್ಬಳ್ಳಿಯ ಖಾನಾವಳಿಯಲ್ಲಿ ಮಲ್ಲೇಶಿ ಉಂಡ ಊಟವನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತುಂಬುತ್ತದೆ.

ಊರಿಗೆ ಬಂದು ನೇರ ದವಾಖಾನೆಗೆ ಹೋದೆ. ಬಾಯಾರು ಹೇಳಿದ್ದನ್ನೆಲ್ಲ ಹೇಳಿದೆ. ರಕ್ತ ತರಿಸಿದ್ದು ನಿಮ್ಮ ಮಾತ್ರೆ ಎಂದೂ ಹೇಳಿದೆ. ಅವರು ತುಸುವೂ ಅಲುಗಲಿಲ್ಲ. ನನ್ನನ್ನು ಕನಿಕರದಿಂದ ನೋಡಿ, "ನಾನು ಕೊಟ್ಟದ್ದು ಅರ್ಧವೇ ಅಲ್ಲವೇ?" ಎಂದರು. ಕೊಲೆಯ ಆರೋಪ ಬಂದರೂ ಆ ಮನುಷ್ಯ ಕೋರ್ಟಿನಲ್ಲಿ ಇದನ್ನೇ ಹೇಳುತ್ತಿದ್ದರು.

ಆಮೇಲೆ ನಾನು ಮಲ್ಲೇಶಿಯನ್ನು ಅಂಗಡಿಯ ದೊಡ್ಡ ತಕ್ಕಡಿಯಲ್ಲಿ ತೂಗತೊಡಗಿದೆ. ಮೆಣಸಿನಕಾಯಿ ಚೀಲ ತೂಗುವ ತಟ್ಟೆ, ಎಷ್ಟು ಒರೆಸಿದರೂ ಘಾಟು ಹೋಗದು. ಹುಡುಗ ಕೂತಲ್ಲೇ ಸೀನಿ ಸೀನಿ ತಟ್ಟೆ ಅಲುಗಿಸುವನು. ತೂಕದ ಕಲ್ಲು ಹೆಚ್ಚಿಗೆ ಏರಿಸಬೇಕಾದ ದಿನ ನಮ್ಮಾಕೆ ಹೋಳಿಗೆ ಮಾಡುವಳು. ಡಾಕ್ಟರು ಒಮ್ಮೆ ರಸ್ತೆಯಲ್ಲಿ ನಿಂತು ನೋಡಿ, ಮಾರುವುದಕ್ಕೋ ಎಂದು ಕೇಳಿದರು. ಅವರ ದವಾಖಾನೆಯಲ್ಲಿ ತೂಕದ ಯಂತ್ರ ಎಂಬುದೇ ಇರಲಿಲ್ಲ. ಅರ್ಧ ಮಾಡುವವರಿಗೆ ಅದು ಯಾಕೆ ಬೇಕು?

ಎರಡನೆಯ ಸಲ ರಕ್ತ ಬಂದದ್ದು ಅವನು ಶಾಲೆಗೆ ಹೋಗುವ ಕಾಲದಲ್ಲಿ, ಒಂದು ಕೆಟ್ಟ ಕೆಮ್ಮಿನ ನಂತರ. ನಡು ಮಧ್ಯಾಹ್ನ. ಬಸ್ಸಿಗೆ ಕಾಯುವ ಹಾಗಿರಲಿಲ್ಲ. ಪೇಟೆಯಲ್ಲಿ ಆ ಹೊತ್ತಿಗೆ ಇದ್ದ ಕಾರು ಒಂದೇ, ಡಾಕ್ಟರದು. ನಾನು ಆ ಮನುಷ್ಯನ ಬಾಗಿಲಿಗೆ ಹೋಗಿ ನಿಂತೆ. ಕರೆದೊಯ್ದರು, ಇಲ್ಲವೆನ್ನುವುದಿಲ್ಲ. ಆದರೆ ಶಿರಸಿಯವರೆಗೂ ತಮ್ಮ ಕಾರಿನ ಗುಣಗಾನ. ಯಲ್ಲಾಪುರದಲ್ಲಿ, ಚಹಾ ಕುಡಿಯದೆ ತಮಗೆ ಕಾರು ನಡೆಸಲು ಆಗುವುದಿಲ್ಲವೆಂದು ನಿಲ್ಲಿಸಿ ಇಳಿದರು. ಹಿಂದಿನ ಸೀಟಿನಲ್ಲಿ ಶಾಂತವ್ವನ ತೊಡೆಯ ಮೇಲೆ ಹುಡುಗ ಸುಣ್ಣದಂತೆ ಬಿಳಿಚಿಕೊಂಡು ಮಲಗಿದ್ದಾನೆ, ಇವರು ಹೊಟೇಲಿನ ಬಾಗಿಲಲ್ಲಿ ಯಾರೊಡನೆಯೋ ನಗುತ್ತಿದ್ದಾರೆ. ತಿರುಗಿ ಬಂದಾಗ ಕೈಯಲ್ಲಿ ಹುಡುಗನಿಗೆಂದು ಅರ್ಧ ಕಪ್ಪು ಚಹಾ. ನಾನು ಇಸಿದುಕೊಂಡು ಕಿಟಕಿಯಿಂದ ಹೊರಗೆ ಚೆಲ್ಲಿದೆ. ಚಹಾ ಚೆನ್ನಾಗಿತ್ತಲ್ಲ ಎಂದು ಬೇಸರಪಟ್ಟರು.

ಆಸ್ಪತ್ರೆಯಲ್ಲಿ ಬಾಯಾರು ಹುಡುಗನನ್ನು ನೋಡಿದವರೇ ರಕ್ತ ಬೇಕು, ಈಗಲೇ ಬೇಕು ಎಂದರು. ನನ್ನದು ಕೂಡಲಿಲ್ಲ. ಶಾಂತವ್ವನ ಮೈಯಲ್ಲೇ ರಕ್ತ ಸಾಲದು ಎಂದರು. ಬಾಯಾರು ಡಾಕ್ಟರ ಕಡೆ ನೋಡಿದರು. ಪರೀಕ್ಷೆ ಮಾಡಿದಾಗ, ಎಲ್ಲ ಬಿಟ್ಟು ಆ ಮನುಷ್ಯನದೇ ಕೂಡಬೇಕೇ?

ಊರಿಗೆಲ್ಲ ಸೂಜಿ ಚುಚ್ಚಿದವರ ಮುಖದಲ್ಲಿ ಆಗ ಬಣ್ಣ ಇರಲಿಲ್ಲ. ಕೋಟು ತೆಗೆಯಲು ಗುಂಡಿ ಸಿಗಲೊಲ್ಲದು. ಬಾಟ್ಲಿಯನ್ನು ನೋಡಿದರು, ಮೂಲೆಯಲ್ಲಿ ಕುಳಿತ ಶಾಂತವ್ವನನ್ನು ನೋಡಿದರು.

"ಹುಡುಗನಿಗಲ್ಲವೇ? ಅರ್ಧ ಬಾಟ್ಲಿ ಸಾಕಾಗಬಹುದಲ್ಲ?" ಎಂದರು.

"ಕೊಡೂದು ಅವನ ತೂಕ ನೋಡಿ ಕೊಡ್ತೀನ್ರಿ. ತಗೊಳ್ಳೂದು ಪೂರ್ತಿ ತಗೋತೀನಿ. ನೀವು ಮಲಗ್ರಿ," ಎಂದರು ಬಾಯಾರು.

ಮಲಗಿದರು. ಕಣ್ಣು ಗಟ್ಟಿಯಾಗಿ ಮುಚ್ಚಿ, ಯಾವ ಯಾವ ದೇವರು ನೆನಪಾದರೋ ಎಲ್ಲರನ್ನೂ ಕರೆದರು. ಚಂದಗುಳಿಯ ಗಣಪತಿಯ ಗುಡಿಗೆ ಹಿತ್ತಾಳೆಯ ಗಂಟೆ ಕಟ್ಟಿಸುವ ಹರಕೆ ಹೊತ್ತದ್ದು ನನಗೆ ಸ್ಪಷ್ಟ ಕೇಳಿಸಿತು, ಹುಡುಗನಿಗಾಗಿಯೋ ತಮಗಾಗಿಯೋ ತಿಳಿಯಲಿಲ್ಲ. ಮೊಮ್ಮಗನ ತುಟಿಗೆ ಕೆಂಪು ಬರುವುದನ್ನು ನಾನು ಈ ಕಣ್ಣಿನಿಂದ ನೋಡಿದೆ. ಅಂಥ ಚಂದದ ಬಣ್ಣ ನಾನು ಮತ್ತೆಲ್ಲೂ ಕಂಡಿಲ್ಲ. ಬಾಯಾರಿಗೆ ಕೈ ಮುಗಿದೆ. ತಿರುಗಿ ನೋಡಿದರೆ ಡಾಕ್ಟರು ಎದ್ದು ಕೂತು, ಆಯಾಗೆ ಕಾಫಿಯಲ್ಲಿ ಸಕ್ಕರೆ ಕಡಿಮೆಯಾಯಿತೆಂದು ಗದರುತ್ತಿದ್ದರು.

ಅಲ್ಲಿಂದ ಮುಂದೆ ಅವರಿಗೆ ಹೊಸ ಉದ್ಯೋಗ ಸಿಕ್ಕಿತು. ನಮ್ಮ ರಕ್ತ, ನಮ್ಮ ರಕ್ತ. ಶಾಲೆಯಿಂದ ಬರುವ ಹುಡುಗನನ್ನು ರಸ್ತೆಯಲ್ಲಿ ತಡೆದು, ಅಂಗಿ ಎತ್ತಿ, ಪರವೂರಿನಿಂದ ಬಂದವರಿಗೆ ಗಡ್ಡೆ ಮುಟ್ಟಿಸಿ ತೋರಿಸುವರು. ಅರ್ಧ ಪಥ್ಯ ತಮ್ಮದು, ರಕ್ತ ತಮ್ಮದು, ಹುಬ್ಬಳ್ಳಿಯವರು ಫೋಟೋ ತೆಗೆದರು ಅಷ್ಟೇ ಎನ್ನುವರು. ಕೊಟ್ಟ ರಕ್ತ ಕೆಲವು ತಿಂಗಳಲ್ಲಿ ಕರಗಿ ಹೋಗುತ್ತದೆ, ಆಮೇಲೆ ಇರುವುದೆಲ್ಲ ಹುಡುಗನದೇ ಎಂದು ಬಾಯಾರು ಹೇಳಿದ್ದನ್ನು ನಾನು ಅವರ ಮುಖದ ಮೇಲೇ ಹೇಳಿದೆ. ಒಂದು ದಿನ ಮಾತ್ರ ಮಂಕಾಗಿದ್ದರು. ಮರುದಿನ ಮತ್ತೆ ಅಂಗಿ ಎತ್ತಿದರು.

ಆ ಬಡಾಯಿಯೂ ಬನವಾಸಿ ಕಡೆ ಹೋಯಿತು. ಒಂದು ದಿನ ಬೀಗರು ಗಾಡಿ ಕಟ್ಟಿಸಿಕೊಂಡು ಬಂದರು. ಅಷ್ಟು ವರ್ಷದ ಮೇಲೆ. ಬಂದವರು ಮೊದಲು ಹೋದದ್ದು ದವಾಖಾನೆಗೆ. ಡಾಕ್ಟರು ಕರೆಯದೆಯೇ ಅವರ ಜೊತೆ ನಮ್ಮ ಮನೆಗೆ ಬಂದು, ಜಗಲಿಯ ಮೇಲೆ ಎತ್ತರದ ಜಾಗ ಹಿಡಿದು ಕುಳಿತರು. ಮಲ್ಲೇಶಿಯನ್ನು ಹಿಡಿದೆಳೆದು ಅಂಗಿ ಎತ್ತಿ, ನನ್ನ ರಕ್ತ, ಇನ್ನು ಇವನಿಗೆ ಸಾವಿಲ್ಲ ಎಂದು ಸಾರಿದರು. ನಮ್ಮಾಕೆ ತಂದಿಟ್ಟ ಅವಲಕ್ಕಿಗೆ ಕೈ ಹಾಕಿದರು. ಬೀಗರು ಅವಲಕ್ಕಿ ಮುಟ್ಟಲಿಲ್ಲ, ನೀರೂ ಮುಟ್ಟಲಿಲ್ಲ. ಮೊಮ್ಮಗನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಬೀಗರ, ಈ ಮನಷ್ಯಾ ಹಿಂದಕ ಒಂದು ಹೇಳಿದ್ದ. ಈಗ ಒಂದು ಹೇಳ್ತಾನ. ನೀವು ಹೇಳ್ರಿ, ಯಾವುದು ಖರೆ?"

ಬಾಗಿಲ ಹಿಂದೆ ಶಾಂತವ್ವನ ಬಳೆ ಅಲುಗಿ ನಿಂತಿತು. ಈ ಮನುಷ್ಯ ಹೇಳುವುದೆಲ್ಲ ಸುಳ್ಳು ಎನ್ನುವ ಮಾತು ಎಷ್ಟೋ ವರ್ಷದಿಂದ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಎದುರಿಗೇ ಕುಳಿತಿದ್ದಾರೆ, ಮೀಸೆಗೆ ಅವಲಕ್ಕಿ ಹತ್ತಿದೆ.

"ಮೊದಲ ಹೇಳಿದ್ದು ಸುಳ್ಳು ರೀ," ಎಂದೆ. "ನಮ್ಮ ಮನ್ಯಾಗ ಅದು ಎಂದೂ ಇರಲಿಲ್ಲ. ಇವರು ದಡ್ಡರು, ದಡ್ಡತನದಾಗ ಅಂದ್ರು. ಆದ್ರ ರಕ್ತ ಇವರದ ಖರೆ. ಇವರು ಕೊಡದಿದ್ರ ಇವತ್ತು ನೀವು ಮೊಮ್ಮಗನ್ನ ನೋಡತಿದ್ದಿಲ್ಲ."

ಬೀಗರು ಮೊಮ್ಮಗನ ಅಂಗಿಯನ್ನು ಕೆಳಗೆಳೆದು ಸರಿ ಮಾಡಿದರು. ಆಮೇಲೆ ನೀರಿನ ತಂಬಿಗೆ ಎತ್ತಿಕೊಂಡು ಕುಡಿದರು. ಒಳಗೆ ಶಾಂತವ್ವ ಟ್ರಂಕಿನ ಮುಚ್ಚಳ ತೆಗೆದ ಸಪ್ಪಳ ಕೇಳಿತು.

ದಡ್ಡರು ಎಂದದ್ದು ಡಾಕ್ಟರ ಕಿವಿಗೆ ಬಿತ್ತೋ ಇಲ್ಲವೋ. ತಟ್ಟೆ ಮುಂದೆ ಚಾಚಿ, ಅವಲಕ್ಕಿ ಚೆನ್ನಾಗಿದೆ, ಇನ್ನಷ್ಟು ಹಾಕಿಸಿ ಎಂದರು. ಹಾಕಿಸಿದೆ.